ಹಳೆಯ ಕೈಗಡಿಯಾರ: ಅಸಲು ಯಾವುದು, ಬದಲಿ ಯಾವುದು?
ಸಂಗ್ರಹ ಮತ್ತು ಪುನಶ್ಚೇತನದ ವ್ಯಾಪಾರದಲ್ಲಿ ಬಿಡಿಭಾಗಗಳ ಪ್ರಶ್ನೆ

ಬಳಸಿದ ಸರಕಿಗೆ ಹೊಸ ಸರಕಿಗಿಂತ ಕಡಿಮೆ ಬೆಲೆ ಎಂಬುದು ವ್ಯಾಪಾರದ ಸಾಮಾನ್ಯ ನಿಯಮ. ಈ ನಿಯಮಕ್ಕೆ ಹೊರತಾದ ಕೆಲವೇ ಸರಕುಗಳಲ್ಲಿ ಯಾಂತ್ರಿಕ ಕೈಗಡಿಯಾರವೂ ಒಂದು. 1969ರಲ್ಲಿ ಜಪಾನಿನ ಸೀಕೊ ಸಂಸ್ಥೆಯು ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ, ಕೀ ಕೊಡುವ ಗಡಿಯಾರಗಳ ಕಾಲ ಮುಗಿಯಿತೆಂದೇ ಉದ್ಯಮವು ಭಾವಿಸಿತ್ತು. ಆದರೆ ಇಂದು ಅದೇ ಕೀ ಕೊಡುವ ಗಡಿಯಾರಗಳನ್ನು ಹುಡುಕಿಕೊಂಡು ಬರುವ ಗ್ರಾಹಕರಿದ್ದಾರೆ. ಅವರು ಕೊಳ್ಳುವುದು ಸಮಯ ನೋಡುವುದಕ್ಕಲ್ಲ. ಆ ಗಡಿಯಾರದ ಕಾಲ, ಕಸುಬು ಮತ್ತು ನೆನಪಿಗಾಗಿ.

ಹೀಗೆ ನೆನಪಿಗೆ ಬೆಲೆ ಕಟ್ಟುವ ವ್ಯಾಪಾರದಲ್ಲಿ ‘ಇದು ಅಸಲಿಯೇ?’ ಎಂಬ ಪ್ರಶ್ನೆಯು ಮೊದಲು ಏಳುತ್ತದೆ. ಐವತ್ತು ವರ್ಷ ನಡೆದ ಯಂತ್ರವೊಂದರಲ್ಲಿ ಯಾವ ಭಾಗವೂ ಬದಲಾಗಿರಬಾರದೆಂದು ನಿರೀಕ್ಷಿಸುವುದು ಸಾಧ್ಯವಿಲ್ಲ. ಹಾಗೆಂದು ಎಲ್ಲ ಭಾಗಗಳೂ ಬದಲಾದ ಮೇಲೆ ಅದನ್ನು ಹಳೆಯ ಗಡಿಯಾರವೆಂದು ಮಾರುವುದೂ ನ್ಯಾಯವಲ್ಲ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ವರ್ತಕರೂ ಬಿಡಿಭಾಗ ತಯಾರಕರೂ ತಿಳಿದಿರುವುದು ಅಗತ್ಯ.

ಬೇಡಿಕೆಯ ಹಿನ್ನೆಲೆ

ಕರ್ನಾಟಕಕ್ಕೆ ಈ ವಿಷಯದಲ್ಲಿ ನೇರವಾದ ಸಂಬಂಧವಿದೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿತು. ಮೊದಲ ಗಡಿಯಾರಗಳನ್ನು ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಮುಂದೆ ಶ್ರೀನಗರ, ತುಮಕೂರು ಮತ್ತು ಇಂದಿನ ಉತ್ತರಾಖಂಡದ ರಾಣಿಬಾಗ್‌ನಲ್ಲಿಯೂ ಕಾರ್ಖಾನೆಗಳು ಬಂದವು. ಜನತಾ, ಪೈಲಟ್, ಜವಾನ್, ಸೋನಾ, ಕಾಂಚನ್, ಕೊಹಿನೂರ್ ಮುಂತಾದ ಹೆಸರುಗಳು ಮನೆಮಾತಾದವು. ಮದುವೆಯಲ್ಲಿ ವರನಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ನಿವೃತ್ತನಾದ ನೌಕರನಿಗೆ ಎಚ್‌ಎಂಟಿ ಗಡಿಯಾರ ಕೊಡುವುದು ವಾಡಿಕೆಯಾಗಿತ್ತು.

1980ರ ದಶಕದಲ್ಲಿ ಹೊಸೂರಿನ ಟೈಟಾನ್ ಸಂಸ್ಥೆಯು ಕ್ವಾರ್ಟ್ಜ್ ಗಡಿಯಾರಗಳೊಂದಿಗೆ ಮಾರುಕಟ್ಟೆ ಪ್ರವೇಶಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ನಷ್ಟವು ವರ್ಷದಿಂದ ವರ್ಷಕ್ಕೆ ಬೆಳೆದು, ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚುವ ನಿರ್ಧಾರವು 2014ರಲ್ಲಿ ಪ್ರಕಟವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯು ಅದಕ್ಕೆ ಒಪ್ಪಿಗೆ ನೀಡಿತು. ತುಮಕೂರು ಕಾರ್ಖಾನೆಯ ಜಾಗವು ಇಸ್ರೋ ಪಾಲಾಯಿತು. ಮುಚ್ಚುವ ಸುದ್ದಿ ಹರಡುತ್ತಿದ್ದಂತೆಯೇ, ಅಲ್ಲಿಯವರೆಗೆ ಅಂಗಡಿಗಳ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಗಡಿಯಾರಗಳನ್ನು ಜನ ಹುಡುಕಿ ಕೊಳ್ಳಲಾರಂಭಿಸಿದ್ದು ಈ ವ್ಯಾಪಾರದ ವಿಚಿತ್ರಗಳಲ್ಲೊಂದು. ಜಾಲಹಳ್ಳಿಯಲ್ಲಿ 2019ರಲ್ಲಿ ಆರಂಭವಾದ ಎಚ್‌ಎಂಟಿ ಪರಂಪರೆ ಕೇಂದ್ರ ಮತ್ತು ವಸ್ತುಸಂಗ್ರಹಾಲಯವು ಹಳೆಯ ಮಾದರಿಗಳನ್ನು ಕಣ್ಣಾರೆ ಕಂಡು ಹೋಲಿಸಿಕೊಳ್ಳುವುದಕ್ಕೆ ಇಂದು ಒಳ್ಳೆಯ ಸ್ಥಳವಾಗಿದೆ.

ಒಂದೇ ಯಂತ್ರ, ಹಲವು ಮುಖ

ಜನತಾ, ಪೈಲಟ್, ಜವಾನ್ ಮುಂತಾದ ಮಾದರಿಗಳ ಹೊರರೂಪ ಬೇರೆಯಾದರೂ ಒಳಗಿರುವುದು ಒಂದೇ ಕುಟುಂಬಕ್ಕೆ ಸೇರಿದ, ಸಿಟಿಜನ್ ವಿನ್ಯಾಸವನ್ನು ಆಧರಿಸಿದ, 17 ಜ್ಯುವೆಲ್‌ಗಳ ಕೀ ಕೊಡುವ ಯಂತ್ರ. ತಯಾರಕರ ದೃಷ್ಟಿಯಿಂದ ಇದು ಜಾಣ ಯೋಜನೆ. ಬಿಡಿಭಾಗಗಳ ದಾಸ್ತಾನು ಸರಳವಾಗುತ್ತದೆ, ಊರೂರಿನ ರಿಪೇರಿಗಾರನಿಗೂ ಕೆಲಸ ಸುಲಭವಾಗುತ್ತದೆ. ಎಚ್‌ಎಂಟಿ ಗಡಿಯಾರವು ಹಳ್ಳಿಯ ಸಂತೆಯಲ್ಲಿಯೂ ದುರಸ್ತಿಯಾಗುತ್ತಿದ್ದುದಕ್ಕೆ ಇದೇ ಮುಖ್ಯ ಕಾರಣ.

ಆದರೆ ಸಂಗ್ರಹಕಾರರ ದೃಷ್ಟಿಯಿಂದ ಇದೇ ಗುಣವು ತೊಡಕಾಗಿ ಪರಿಣಮಿಸಿದೆ. ಒಂದರ ಡಯಲ್ ಮತ್ತೊಂದಕ್ಕೆ ಕೂರುತ್ತದೆ. ಒಂದರ ಮುಳ್ಳು ಇನ್ನೊಂದಕ್ಕೆ ಹೊಂದುತ್ತದೆ. ಕಡಿಮೆ ಬೆಲೆಯ ಜನತಾ ಗಡಿಯಾರಕ್ಕೆ ಪೈಲಟ್ ಡಯಲ್ ಹಾಕಿದರೆ ಅದು ಪೈಲಟ್ ಎಂದೇ ಮಾರಾಟವಾಗುತ್ತದೆ. ಯಂತ್ರ ಅಸಲಿ, ಡಯಲ್ ಅಸಲಿ, ಕೇಸ್ ಅಸಲಿ. ಆದರೂ ಒಟ್ಟು ಗಡಿಯಾರ ಅಸಲಿಯಲ್ಲ. ಇಂಥವನ್ನು ಸಂಗ್ರಹಕಾರರು ‘ಫ್ರಾಂಕನ್ ವಾಚ್’ ಎಂದು ಕರೆಯುತ್ತಾರೆ. ಹಲವು ದೇಹಗಳ ತುಂಡುಗಳಿಂದ ಮನುಷ್ಯನನ್ನು ಕಟ್ಟಿದ ಫ್ರಾಂಕೆನ್‌ಸ್ಟೈನ್ ಕಥೆಯಿಂದ ಬಂದ ಹೆಸರಿದು.

ಯಾಂತ್ರಿಕ ಗಡಿಯಾರಗಳ ಹಳೆಯ ಕಾರ್ಖಾನೆಗಳಿಂದ ಬಿಡಿಭಾಗಗಳು ಬರುವುದು ನಿಂತುಹೋದ ಕಾರಣ, ರಿಪೇರಿಗಾರರು ಕೆಟ್ಟ ಗಡಿಯಾರಗಳನ್ನು ತೂಕದ ಲೆಕ್ಕದಲ್ಲಿ ಕೊಂಡು, ಬಿಚ್ಚಿ, ಒಂದರ ಅಂಗಗಳನ್ನು ಇನ್ನೊಂದಕ್ಕೆ ಕೂಡಿಸುವುದು ಅನಿವಾರ್ಯವಾಗಿದೆ. ಇದರಲ್ಲಿ ಸ್ವತಃ ದೋಷವೇನೂ ಇಲ್ಲ. ಮೂರು ಸತ್ತ ಗಡಿಯಾರಗಳಿಂದ ಒಂದು ಜೀವಂತ ಗಡಿಯಾರವನ್ನು ಎಬ್ಬಿಸುವುದು ಕಸುಬುದಾರಿಕೆಯೇ ಸರಿ. ಅದನ್ನು ಗ್ರಾಹಕನಿಗೆ ಹೇಳದೆ ಮಾರುವಲ್ಲಿ ದೋಷ ಆರಂಭವಾಗುತ್ತದೆ.

‘ಮುಂಬೈ ಸ್ಪೆಷಲ್’ ಎಂಬ ಅಪಖ್ಯಾತಿ

ವಿದೇಶಿ ಸಂಗ್ರಹಕಾರರ ನಡುವೆ ‘ಮುಂಬೈ ಸ್ಪೆಷಲ್’ ಎಂಬ ಮಾತೊಂದು ಬಹುಕಾಲದಿಂದ ಚಾಲ್ತಿಯಲ್ಲಿದೆ. ಹಳೆಯ ಸೀಕೊ, ಫಾವ್ರೆ ಲ್ಯೂಬಾ, ಕ್ಯಾಮಿ, ಎನಿಕಾರ್ ಮತ್ತು ಎಚ್‌ಎಂಟಿ ಗಡಿಯಾರಗಳ ಡಯಲ್‌ಗಳನ್ನು ಉಜ್ಜಿ, ಎದ್ದು ಕಾಣುವ ಬಣ್ಣ ಬಳಿದು, ತಯಾರಕರ ಹೆಸರನ್ನು ಹೊಸದಾಗಿ ಅಚ್ಚೊತ್ತಿ, ಕೇಸಿಗೆ ಹೊಳಪು ಕೊಟ್ಟು ಅಗ್ಗದ ದರಕ್ಕೆ ಹೊರದೇಶಗಳಿಗೆ ಕಳುಹಿಸಿದ ಗಡಿಯಾರಗಳಿಗೆ ಬಂದ ಹೆಸರಿದು. ಮೂಲ ತಯಾರಕರು ಎಂದೂ ತಯಾರಿಸದ ಬಣ್ಣಗಳು ಹಾಗೂ ವಿನ್ಯಾಸಗಳು ಇವುಗಳಲ್ಲಿ ಕಾಣುತ್ತವೆ.

ಇದರ ಪೆಟ್ಟು ಪ್ರಾಮಾಣಿಕ ವರ್ತಕನ ಮೇಲೆ ಬೀಳುತ್ತಿದೆ. ಭಾರತದಿಂದ ಬರುವ ಹಳೆಯ ಗಡಿಯಾರವೆಂದೊಡನೆ ಅನುಭವಿ ಕೊಳ್ಳುಗ ಅನುಮಾನಿಸುತ್ತಾನೆ. ಅಸಲಿ ಗಡಿಯಾರಕ್ಕೂ ನಕಲಿಯ ದರವನ್ನೇ ಕೇಳುತ್ತಾನೆ. ಕೆಲವರು ಮಾಡಿದ ಅಲ್ಪಲಾಭದ ವ್ಯಾಪಾರವು ಇಡೀ ಪೇಟೆಯ ಹೆಸರನ್ನು ಕೆಡಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಜಿನೀವಾದ ಪಾಠ

ಇಂಥ ಮೋಸವು ಅಗ್ಗದ ಸರಕಿಗೆ ಮಾತ್ರ ಸೀಮಿತವೆಂದು ಭಾವಿಸಬೇಕಾಗಿಲ್ಲ. 2017ರ ಅಕ್ಟೋಬರ್‌ನಲ್ಲಿ ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ ಗಡಿಯಾರವು ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಅಂಥ ಡಯಲ್ ಉಳ್ಳ ಡೇಟೋನಾಕ್ಕೂ ಅದೇ ಮಾದರಿಯ ಸಾಧಾರಣ ಡಯಲ್ ಉಳ್ಳದ್ದಕ್ಕೂ ಬೆಲೆಯಲ್ಲಿ ಹಲವು ಪಟ್ಟು ಅಂತರವಿದೆ. ಒಂದು ತಗಡಿನ ಬಿಲ್ಲೆಯ ಮೇಲೆ ಇಷ್ಟು ಹಣ ನಿಂತಿರುವಾಗ ಆ ಬಿಲ್ಲೆಯನ್ನು ನಕಲು ಮಾಡುವ ಆಸೆ ಹುಟ್ಟದಿರುವುದಿಲ್ಲ.

2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ನಡೆದ ಫಿಲಿಪ್ಸ್ ಹರಾಜಿನಲ್ಲಿ 1957ರದೆಂದು ಹೇಳಲಾದ ಒಮೆಗಾ ಸ್ಪೀಡ್‌ಮಾಸ್ಟರ್ ಗಡಿಯಾರವೊಂದು 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚು ಬೆಲೆ ಪಡೆಯಿತು. ಹರಾಜಿನ ಮುನ್ನ ಮಾಡಿದ್ದ ಅಂದಾಜು ಕೇವಲ 80 ಸಾವಿರದಿಂದ 1.2 ಲಕ್ಷ ಫ್ರಾಂಕ್. ಆ ಗಡಿಯಾರವು ಬೇರೆ ಬೇರೆ ಗಡಿಯಾರಗಳ ಭಾಗಗಳಿಂದ ಜೋಡಿಸಿದ್ದೆಂದು 2023ರಲ್ಲಿ ಬಯಲಾಯಿತು. ಈ ವ್ಯವಹಾರದಲ್ಲಿ ತನ್ನ ಮೂವರು ಮಾಜಿ ನೌಕರರು ಭಾಗಿಗಳೆಂದು ಒಮೆಗಾ ಸಂಸ್ಥೆಯೇ ಹೇಳಿಕೆ ನೀಡಿತು. ಗಡಿಯಾರವನ್ನು ಕೊಂಡದ್ದು ಬೇರಾರೂ ಅಲ್ಲ, ತನ್ನ ವಸ್ತುಸಂಗ್ರಹಾಲಯಕ್ಕಾಗಿ ಸ್ವತಃ ಒಮೆಗಾ. ತಯಾರಕರೇ ತಮ್ಮ ಹೆಸರಿನ ಸರಕನ್ನು ಗುರುತಿಸುವಲ್ಲಿ ಮೋಸಹೋಗಬಹುದಾದರೆ, ಅಂಗಡಿಯ ಮುಂದೆ ನಿಂತ ಗ್ರಾಹಕನ ಪಾಡೇನು ಎಂಬುದನ್ನು ಊಹಿಸಬಹುದು.

ಯಾವುದನ್ನು ಬದಲಿಸಬಹುದು, ಯಾವುದನ್ನು ಬಾರದು?

ಎಲ್ಲ ಬಿಡಿಭಾಗಗಳಿಗೂ ಒಂದೇ ತೂಕವಿಲ್ಲ. ಸಂಗ್ರಹಕಾರರ ಪದ್ಧತಿಯಂತೆ ಇವುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಸವೆಯುವುದಕ್ಕೆಂದೇ ಇರುವ ಭಾಗಗಳು. ಮೇನ್ ಸ್ಪ್ರಿಂಗ್, ರಬ್ಬರ್ ಗ್ಯಾಸ್ಕೆಟ್, ಪ್ಲಾಸ್ಟಿಕ್ ಗಾಜು, ಪಟ್ಟಿ ಮತ್ತು ಪಟ್ಟಿ ಹಿಡಿಯುವ ಕಡ್ಡಿಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳನ್ನು ಬದಲಿಸಿದರೆ ಬೆಲೆ ಕುಂದುವುದು ಅಪರೂಪ. ಹಳೆಯ ಮೇನ್ ಸ್ಪ್ರಿಂಗ್ ಉಳಿಸಿಕೊಂಡು ಗಡಿಯಾರ ದಿನವಿಡೀ ನಡೆಯದಿದ್ದರೆ ಅದರಿಂದ ಯಾರಿಗೂ ಲಾಭವಿಲ್ಲ.

ಎರಡನೆಯದು, ಯಂತ್ರದೊಳಗಿನ ಭಾಗಗಳು. ಬ್ಯಾಲೆನ್ಸ್ ಸ್ಟಾಫ್, ಹೇರ್ ಸ್ಪ್ರಿಂಗ್, ಹಲ್ಲುಚಕ್ರಗಳು, ತಿರುಪುಗಳು ಮುಂತಾದವು. ಅದೇ ಕ್ಯಾಲಿಬರಿನ, ಅದೇ ತಯಾರಕರ ಭಾಗದಿಂದ ಬದಲಿಸಿದರೆ ಸಾಮಾನ್ಯವಾಗಿ ಆಕ್ಷೇಪವಿರದು. ಆದರೆ ಬದಲಿಸಿದ್ದನ್ನು ದಾಖಲಿಸಬೇಕು. ಒಂದು ಯಂತ್ರವನ್ನೇ ತೆಗೆದು ಇಡಿಯಾಗಿ ಮತ್ತೊಂದನ್ನು ಕೂರಿಸಿದರೆ ವಿಷಯ ಬೇರೆಯಾಗುತ್ತದೆ.

ಮೂರನೆಯದು, ಗಡಿಯಾರದ ಮುಖವನ್ನು ನಿರ್ಧರಿಸುವ ಭಾಗಗಳು: ಡಯಲ್, ಮುಳ್ಳುಗಳು, ಕೇಸ್ ಮತ್ತು ಹೆಸರು ಕೆತ್ತಿದ ಕ್ರೌನ್. ಬೆಲೆಯ ಬಹುಪಾಲು ಇಲ್ಲಿದೆ. ಕಲೆ ಬಿದ್ದ ಮೂಲ ಡಯಲ್‌ಗೆ ಹೊಳೆಯುವ ಹೊಸ ಬಣ್ಣದ ಡಯಲ್‌ಗಿಂತ ಹೆಚ್ಚಿನ ಬೆಲೆಯಿರುವುದು ಹೊಸಬರಿಗೆ ಆಶ್ಚರ್ಯವೆನಿಸುತ್ತದೆ. ಕೇಸಿಗೆ ಪದೇ ಪದೇ ಪಾಲಿಶ್ ಹಾಕಿದರೆ ಅಂಚುಗಳು ಕರಗಿ ದುಂಡಗಾಗುತ್ತವೆ. ಹೋದ ಲೋಹವು ಮತ್ತೆ ಬಾರದು. ಗ್ರಾಹಕನು ಕೇಳದ ಹೊರತು ಪಾಲಿಶ್ ಹಾಕಬಾರದೆಂಬುದನ್ನು ಅಂಗಡಿಯ ಕೆಲಸಗಾರರಿಗೆ ಕಟ್ಟುನಿಟ್ಟಾಗಿ ತಿಳಿಸಬೇಕು.

ಇದರ ಜೊತೆಗೆ ಒಂದು ಮಾತು ಹೇಳಬೇಕು. ತಂದೆಯ ಗಡಿಯಾರವನ್ನು ದಿನವೂ ಕಟ್ಟಿಕೊಳ್ಳಬೇಕೆಂದು ತರುವ ಗ್ರಾಹಕನಿಗೆ ಸಂಗ್ರಹಕಾರನ ನಿಯಮಗಳನ್ನು ಹೇರುವ ಅಗತ್ಯವಿಲ್ಲ. ಅವನು ಡಯಲ್ ಹೊಸದಾಗಲಿ ಎಂದರೆ ಮಾಡಿಕೊಡಬಹುದು. ಆದರೆ ಅದರಿಂದ ಬೆಲೆ ಇಳಿಯುವುದೆಂದು ಮೊದಲೇ ತಿಳಿಸಿ, ತೆಗೆದ ಹಳೆಯ ಭಾಗಗಳನ್ನು ಸಣ್ಣ ಪೊಟ್ಟಣದಲ್ಲಿ ಕಟ್ಟಿ ಅವನಿಗೇ ಹಿಂದಿರುಗಿಸುವುದು ಒಳ್ಳೆಯ ವ್ಯಾಪಾರಿಯ ಲಕ್ಷಣ.

ಕೊಳ್ಳುವ ಮುನ್ನ ಪರೀಕ್ಷೆ

1. ಹಿಂಬದಿಯ ಮುಚ್ಚಳ ತೆಗೆಯದೆ ಯಾವ ಹಳೆಯ ಗಡಿಯಾರವನ್ನೂ ಕೊಳ್ಳಬಾರದು. ಯಂತ್ರದ ಮೇಲಿನ ಹೆಸರು, ಕ್ಯಾಲಿಬರ್ ಸಂಖ್ಯೆ ಮತ್ತು ಜ್ಯುವೆಲ್‌ಗಳ ಸಂಖ್ಯೆಯನ್ನು ಡಯಲ್ ಮೇಲಿನ ಬರಹದೊಂದಿಗೆ ತಾಳೆ ನೋಡಬೇಕು. ಡಯಲ್ ಮೇಲೆ ‘ಆಟೊಮ್ಯಾಟಿಕ್’ ಎಂದಿದ್ದು ಒಳಗೆ ಕೀ ಕೊಡುವ ಯಂತ್ರವಿದ್ದರೆ ಹೆಚ್ಚಿನ ವಿಚಾರಣೆಯ ಅಗತ್ಯವಿಲ್ಲ.

2. ಡಯಲ್ ಮೇಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ಕಾರ್ಖಾನೆಯ ಅಚ್ಚು ತೆಳ್ಳಗೆ, ಅಂಚು ಚೂಪಾಗಿ ಇರುತ್ತದೆ. ಮರುಬಣ್ಣ ಕಂಡದ್ದರಲ್ಲಿ ಅಕ್ಷರಗಳು ದಪ್ಪವಾಗಿ, ಸಾಲು ಓರೆಯಾಗಿ, ನಿಮಿಷದ ಗೆರೆಗಳು ಅಂಕಿಗಳಿಗೆ ಹೊಂದದೆ ಇರುತ್ತವೆ.

3. ಡಯಲ್ ಹಿಂಬದಿಯಲ್ಲಿ ಯಂತ್ರಕ್ಕೆ ಬಿಗಿಯುವ ಎರಡು ಕಾಲುಗಳಿರುವುದು ಸಾಮಾನ್ಯ. ಅವು ಕತ್ತರಿಸಿಹೋಗಿ ಅಂಟಿನಿಂದ ಕೂರಿಸಿದ್ದರೆ ಅದು ಬೇರೆ ಗಡಿಯಾರದ ಡಯಲ್ ಆಗಿರುವ ಸಂಭವ ಹೆಚ್ಚು.

4. ನಿಮಿಷದ ಮುಳ್ಳು ನಿಮಿಷದ ಗೆರೆಗಳನ್ನು ಮುಟ್ಟುವಷ್ಟು ಉದ್ದವಿರಬೇಕು. ಮುಳ್ಳು ಗಿಡ್ಡವಾಗಿದ್ದರೆ ಅಥವಾ ಎರಡು ಮುಳ್ಳುಗಳ ಬಣ್ಣ ಬೇರೆಯಾಗಿದ್ದರೆ ಬದಲಾಗಿದೆಯೆಂದು ತಿಳಿಯಬೇಕು.

5. ಕತ್ತಲಲ್ಲಿ ಹೊಳೆಯುವ ಲೇಪನವನ್ನು ಗಮನಿಸಬೇಕು. 1960ರ ದಶಕದವರೆಗೂ ಅನೇಕ ವಿದೇಶಿ ಗಡಿಯಾರಗಳಿಗೆ ರೇಡಿಯಂ ಲೇಪನವಿತ್ತು. ನಂತರ ಟ್ರಿಟಿಯಂ ಬಂದಿತು. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ ಮಾತ್ರ. ಆದ್ದರಿಂದ 1970ರ ಗಡಿಯಾರವು ಇಂದಿಗೂ ರಾತ್ರಿಯಿಡೀ ಪ್ರಕಾಶಿಸಿದರೆ ಲೇಪನ ಹೊಸದೆಂದೇ ಅರ್ಥ. ರೇಡಿಯಂ ಲೇಪನದ ಡಯಲನ್ನು ಕೆರೆಯುವುದಾಗಲಿ ಅದರ ಧೂಳನ್ನು ಉಸಿರಾಡುವುದಾಗಲಿ ಅಪಾಯಕರ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1,600 ವರ್ಷ; ಹೊಳಪು ಹೋದರೂ ವಿಕಿರಣ ಉಳಿದಿರುತ್ತದೆ.

6. ಲಾಂಜೀನ್, ಪಾಟೆಕ್ ಫಿಲಿಪ್‌ನಂಥ ಸ್ವಿಸ್ ಸಂಸ್ಥೆಗಳು ಸಂಖ್ಯೆಯನ್ನು ಆಧರಿಸಿ ತಮ್ಮ ಹಳೆಯ ದಾಖಲೆಗಳಿಂದ ಉದ್ಧೃತ ಪತ್ರ ನೀಡುತ್ತವೆ. ಅದು ಗಡಿಯಾರದ ಜನ್ಮಪತ್ರ ಮಾತ್ರ. ಅನಂತರ ಯಾವ ಭಾಗ ಬದಲಾಯಿತೆಂಬುದನ್ನು ಅದು ಹೇಳುವುದಿಲ್ಲ.

ಕಾನೂನು ಮತ್ತು ತೆರಿಗೆ

ಈ ವ್ಯಾಪಾರಕ್ಕೆ ಅನ್ವಯಿಸುವ ಕೆಲವು ನಿಯಮಗಳನ್ನು ವರ್ತಕರು ಅರಿತಿರಬೇಕು. 1999ರ ಟ್ರೇಡ್ ಮಾರ್ಕ್ ಕಾಯಿದೆಯ 103ನೇ ಪ್ರಕರಣದಂತೆ ಸುಳ್ಳು ವ್ಯಾಪಾರ ಚಿಹ್ನೆಯನ್ನು ಹಾಕುವುದು ಅಪರಾಧ. ಅಂಥ ಸರಕನ್ನು ಮಾರುವುದು 104ನೇ ಪ್ರಕರಣದಂತೆ ಅಪರಾಧ. ಶಿಕ್ಷೆಯು ಆರು ತಿಂಗಳಿಂದ ಮೂರು ವರ್ಷದವರೆಗೆ ಕಾರಾಗೃಹವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಉಜ್ಜಿದ ಡಯಲ್ ಮೇಲೆ ತಯಾರಕರ ಹೆಸರನ್ನು ಅವರ ಅನುಮತಿಯಿಲ್ಲದೆ ಮರಳಿ ಅಚ್ಚೊತ್ತುವವರು ಇದನ್ನು ಮರೆಯಬಾರದು. ನ್ಯಾಯಯುತವಾಗಿ ಕೊಂಡ ಗಡಿಯಾರವನ್ನು ಮರುಮಾರಾಟ ಮಾಡುವ ಹಕ್ಕು ವರ್ತಕನಿಗಿದೆ. ಆದರೆ ಸರಕಿನ ಸ್ಥಿತಿ ಬದಲಾಗಿದ್ದರೆ ಚಿಹ್ನೆಯ ಒಡೆಯರು ಅದನ್ನು ಆಕ್ಷೇಪಿಸಬಹುದೆಂದು 30ನೇ ಪ್ರಕರಣ ಹೇಳುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ನವೀಕರಿಸಿದ ಅಥವಾ ಬಳಸಿದ ಸರಕನ್ನು ಹೊಸದೆಂದು ಬಿಂಬಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಮರುಜೋಡಣೆಯಾದ ಗಡಿಯಾರವನ್ನು ‘ಹಳೆಯ ದಾಸ್ತಾನು, ಬಳಸಿಲ್ಲ’ ಎಂದು ಮಾರುವವರಿಗೆ ಇದು ನೇರವಾಗಿ ತಾಗುತ್ತದೆ.

ತೆರಿಗೆಯ ವಿಷಯದಲ್ಲಿ ಒಂದು ಅನುಕೂಲವಿದೆ. ಬಳಸಿದ ಸರಕನ್ನು ಇದ್ದ ಹಾಗೆಯೇ ಅಥವಾ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆಯ ನಂತರ ಮಾರುವ ವರ್ತಕರು, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಕೇಂದ್ರ ಜಿಎಸ್‌ಟಿ ನಿಯಮ 32(5)ರಂತೆ ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಉದಾಹರಣೆಗೆ 2,000 ರೂಪಾಯಿಗೆ ಕೊಂಡು 3,500ಕ್ಕೆ ಮಾರಿದರೆ ತೆರಿಗೆ 1,500 ರೂಪಾಯಿ ಮೇಲೆ. ಹಲವು ಗಡಿಯಾರಗಳ ಭಾಗಗಳನ್ನು ಕೂಡಿಸಿ ಕಟ್ಟಿದ್ದು ‘ಅಲ್ಪ ಸಂಸ್ಕರಣೆ’ಯಾಗುವುದೇ ಎಂಬುದನ್ನು ತೆರಿಗೆ ಸಲಹೆಗಾರರಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಬಳಸಿದ ಗಡಿಯಾರಗಳ ಆಮದು ವಿದೇಶ ವ್ಯಾಪಾರ ನೀತಿಯಡಿ ನಿರ್ಬಂಧಿತ. ಅದಕ್ಕೆ ಪರವಾನಗಿ ಬೇಕು. ನೂರು ವರ್ಷ ಮೀರಿದ, ಐತಿಹಾಸಿಕ ಮಹತ್ವದ ವಸ್ತುಗಳು 1972ರ ಪುರಾತನ ವಸ್ತು ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ ಹಳೆಯ ಜೇಬುಗಡಿಯಾರಗಳನ್ನು ಹೊರದೇಶಕ್ಕೆ ಕಳುಹಿಸುವ ಮುನ್ನ ಎಚ್ಚರ ವಹಿಸಬೇಕು.

ಸಣ್ಣ ತಯಾರಕರಿಗೆ ಅವಕಾಶ

ಬಿಡಿಭಾಗಗಳ ಅಭಾವವು ವಿಶ್ವವ್ಯಾಪಿ ಸಮಸ್ಯೆ. ಯುರೋಪಿನ ದೊಡ್ಡ ತಯಾರಕರು ಸ್ವತಂತ್ರ ರಿಪೇರಿಗಾರರಿಗೆ ಭಾಗಗಳನ್ನು ಕೊಡದಿರುವುದರ ವಿರುದ್ಧ ರಿಪೇರಿಗಾರರ ಒಕ್ಕೂಟವು ವರ್ಷಗಟ್ಟಲೆ ಹೋರಾಡಿತು. 2017ರಲ್ಲಿ ಐರೋಪ್ಯ ಒಕ್ಕೂಟದ ಸಾಮಾನ್ಯ ನ್ಯಾಯಾಲಯವು ಅವರ ಮನವಿಯನ್ನು ತಳ್ಳಿಹಾಕಿತು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಪರವಾಗಿ ಕ್ರಮಗಳನ್ನು ಆರಂಭಿಸಿತಾದರೂ ಅದರ ಗಮನ ಮುಖ್ಯವಾಗಿ ಕೃಷಿ ಯಂತ್ರ, ಮೊಬೈಲ್, ಗೃಹೋಪಕರಣ ಮತ್ತು ವಾಹನಗಳ ಮೇಲಿತ್ತು. ಆದ್ದರಿಂದ ಹಳೆಯ ಗಡಿಯಾರಗಳಿಗೆ ಬೇಕಾದ ಭಾಗಗಳನ್ನು ಯಾರಾದರೂ ಹೊಸದಾಗಿ ತಯಾರಿಸಿಯೇ ತೀರಬೇಕು.

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸೂಕ್ಷ್ಮ ಯಂತ್ರಭಾಗಗಳ ಕೆಲಸಕ್ಕೆ ಬೇಕಾದ ಲೇತ್, ಪ್ರೆಸ್ ಮತ್ತು ಕೌಶಲ ಇವೆ. ಗಾಜು, ಗ್ಯಾಸ್ಕೆಟ್, ಕ್ರೌನ್ ಹಾಗೂ ಅದರ ಕಡ್ಡಿ, ತಿರುಪು ಮುಂತಾದ ಭಾಗಗಳನ್ನು ಅಳತೆಗೆ ಸರಿಯಾಗಿ, ಸಣ್ಣ ಪ್ರಮಾಣದಲ್ಲಿ ತಯಾರಿಸುವುದು ಅಸಾಧ್ಯವಲ್ಲ. ಇಲ್ಲಿ ಪಾಲಿಸಬೇಕಾದ ನಿಯಮ ಸರಳವಾದುದು. ‘ಎಚ್‌ಎಂಟಿ 17 ಜ್ಯುವೆಲ್ ಯಂತ್ರಕ್ಕೆ ಹೊಂದುತ್ತದೆ’ ಎಂದು ಪೊಟ್ಟಣದ ಮೇಲೆ ಬರೆಯಬಹುದು; ಭಾಗವು ಯಾವ ಗಡಿಯಾರಕ್ಕೆ ಹೊಂದುವುದೆಂದು ತಿಳಿಸಲು ಅಗತ್ಯವಿರುವಷ್ಟರ ಮಟ್ಟಿಗೆ ಚಿಹ್ನೆಯ ಬಳಕೆಗೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಭಾಗದ ಮೇಲೆ ಎಚ್‌ಎಂಟಿ ಹೆಸರನ್ನು ಕೆತ್ತಬಾರದು. ಅದರ ಬದಲು ತಮ್ಮದೇ ಗುರುತನ್ನು ಹಾಕಿದರೆ ಗ್ರಾಹಕನಿಗೆ ಮೋಸವೂ ಆಗುವುದಿಲ್ಲ, ಒಳ್ಳೆಯ ಕೆಲಸಕ್ಕೆ ಹೆಸರೂ ಬರುತ್ತದೆ.

ರಸೀದಿಯಲ್ಲಿ ಏನಿರಬೇಕು?

ಈ ಎಲ್ಲ ವಿವೇಚನೆಯನ್ನು ಅಂಗಡಿಯ ಮಟ್ಟದಲ್ಲಿ ಜಾರಿಗೆ ತರಲು ದೊಡ್ಡ ವ್ಯವಸ್ಥೆಯೇನೂ ಬೇಡ. ಮಾರಾಟದ ರಸೀದಿಯಲ್ಲಿ ಮಾದರಿಯ ಹೆಸರು, ಕ್ಯಾಲಿಬರ್ ಮತ್ತು ಕೇಸಿನ ಸಂಖ್ಯೆಯ ಜೊತೆಗೆ ಡಯಲ್, ಮುಳ್ಳು, ಕ್ರೌನ್, ಕೇಸ್, ಯಂತ್ರ, ಗಾಜು ಎಂಬ ಆರು ಸಾಲುಗಳನ್ನು ಅಚ್ಚು ಹಾಕಿಸಿ, ಪ್ರತಿಯೊಂದರ ಮುಂದೆ ‘ಮೂಲ’, ‘ಅದೇ ತಯಾರಕರ ಬದಲಿ’, ‘ಹೊಸ ತಯಾರಿಕೆ’, ‘ಮರುಬಣ್ಣ’ ಅಥವಾ ‘ಖಚಿತವಿಲ್ಲ’ ಎಂದು ಗುರುತು ಹಾಕಿದರೆ ಸಾಕು. ಮುಚ್ಚಳ ತೆಗೆದ ಯಂತ್ರದ ಒಂದು ಛಾಯಾಚಿತ್ರವನ್ನೂ ಲಗತ್ತಿಸುವುದು ಉತ್ತಮ.

‘ಖಚಿತವಿಲ್ಲ’ ಎಂದು ಬರೆಯಲು ವರ್ತಕರು ಹಿಂಜರಿಯುವುದುಂಟು. ಗಿರಾಕಿ ಕೈತಪ್ಪುವನೆಂಬ ಭಯ ಸಹಜ. ಆದರೆ ಬರೆದುಕೊಟ್ಟ ಮಾತಿಗೆ ನಿಲ್ಲುವ ಅಂಗಡಿಗೆ ಸಂಗ್ರಹಕಾರನು ಮತ್ತೆ ಬರುತ್ತಾನೆ, ಮತ್ತೊಬ್ಬನನ್ನೂ ಕರೆತರುತ್ತಾನೆ. ಹಳೆಯ ಗಡಿಯಾರಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ. ಇರುವಷ್ಟರಲ್ಲಿಯೇ ಅಸಲಿಯನ್ನು ಅಸಲಿಯಾಗಿಯೂ ಬದಲಿಯನ್ನು ಬದಲಿಯಾಗಿಯೂ ಮಾರುವವರಿಗೆ ಈ ವ್ಯಾಪಾರ ಬಹುಕಾಲ ನಡೆಯುತ್ತದೆ. ‘ಮುಂಬೈ ಸ್ಪೆಷಲ್’ ಎಂಬ ಅಪಖ್ಯಾತಿಯ ಎದುರು ‘ಬೆಂಗಳೂರಿನ ರಸೀದಿ’ ಎಂಬ ಮಾತು ನಂಬಿಕೆಯ ಗುರುತಾಗಿ ನಿಲ್ಲುವಂತೆ ಮಾಡುವುದು ನಮ್ಮ ವರ್ತಕರ ಕೈಯಲ್ಲಿಯೇ ಇದೆ.